ನೀಸ್ ಮತ್ತು ಕೋತ್ ದಜ್ಯೂರ್ ಕಡಲತೀರದಲ್ಲಿ ರಜೆ: ಪದೇ ಪದೇ ಕೇಳುವ ಪ್ರಶ್ನೆಗಳು

ಫ್ರಾನ್ಸಿನ ಆಗ್ನೇಯ ಮೂಲೆಯಲ್ಲಿ, ಕಾನ್‌ನಿಂದ ಇಟಲಿ ಗಡಿಯ ಮಾಂತೋನ್‌ವರೆಗಿನ ತೀರದ ಬಗ್ಗೆ ಮಾತ್ರ ಇಲ್ಲಿ ಬರೆದಿದ್ದೇವೆ. ನಡುವೆ ಆಂತೀಬ್, ನೀಸ್, ಮೊನಾಕೊ ಬರುತ್ತವೆ. ಮೆಡಿಟರೇನಿಯನ್ ಎಂದು ಸ್ಪೇನ್, ಗ್ರೀಸ್, ಟರ್ಕಿ ಎಲ್ಲವನ್ನೂ ಒಟ್ಟಿಗೆ ಸೇರಿಸಿ ಹೇಳಿದರೆ ಯಾವ ಊರಿಗೂ ಉಪಯೋಗಕ್ಕೆ ಬರದ ಸಲಹೆಯಾಗುತ್ತದೆ. ಬೆಲೆಗಳು ಅಂದಾಜಿಗೆ ಮಾತ್ರ.

ಯಾವ ತಿಂಗಳಲ್ಲಿ ಹೋದರೆ ಒಳ್ಳೆಯದು?

ಸಮುದ್ರಕ್ಕೆ ಇಳಿಯುವುದೇ ಮುಖ್ಯವಾದರೆ ಜೂನ್ ಎರಡನೇ ಅರ್ಧ, ಇಲ್ಲವೇ ಸೆಪ್ಟೆಂಬರ್. ನೀಸ್‌ನಲ್ಲಿ ನೀರಿನ ಉಷ್ಣಾಂಶ ಫೆಬ್ರವರಿಯಲ್ಲಿ ಸುಮಾರು 13 ಡಿಗ್ರಿ, ಮೇನಲ್ಲಿ 17–18, ಜೂನ್‌ನಲ್ಲಿ 21, ಆಗಸ್ಟ್‌ನಲ್ಲಿ 24–25, ಸೆಪ್ಟೆಂಬರ್‌ನಲ್ಲಿ 23ರ ಆಸುಪಾಸು. ಮಲ್ಪೆ, ಗೋಕರ್ಣದ ಬೆಚ್ಚನೆಯ ನೀರಿಗೆ ಒಗ್ಗಿದ ಮೈ 18 ಡಿಗ್ರಿಯಲ್ಲಿ ಮೊಣಕಾಲು ಮುಳುಗುವಷ್ಟರಲ್ಲೇ ವಾಪಸ್ ಬರುತ್ತದೆ. ನಮ್ಮಲ್ಲಿ ಜೂನ್, ಜುಲೈ ಎಂದರೆ ಕಡಲು ಹುಚ್ಚೆದ್ದ ಕಾಲ. ಅಲ್ಲಿ ಅದೇ ತಿಂಗಳುಗಳು ಒಣ ಕಾಲ, ಸಮುದ್ರವೂ ಬಹುತೇಕ ಶಾಂತ.

ತೊಂದರೆ ಇರುವುದು ಶಾಲೆಯ ರಜೆಯ ಲೆಕ್ಕದಲ್ಲಿ. ನಮ್ಮ ಮಕ್ಕಳಿಗೆ ರಜೆ ಸಿಗುವ ಏಪ್ರಿಲ್‌ನಲ್ಲಿ ಆ ನೀರು ತಣ್ಣಗೆ ಕೊರೆಯುತ್ತದೆ. ಮೇ ತಿಂಗಳ ಕೊನೆಯ ವಾರ ಸುತ್ತಾಟಕ್ಕೆ ಚೆನ್ನಾಗಿದೆ, ಈಜಿಗೆ ಅಷ್ಟಕ್ಕಷ್ಟೆ. ಮೇನಲ್ಲಿ ಕಾನ್ ಚಿತ್ರೋತ್ಸವ, ಅದಾದ ಮೇಲೆ ಜೂನ್ ಮೊದಲಲ್ಲಿ ಮೊನಾಕೊ ಕಾರ್ ರೇಸ್ ಇರುವುದರಿಂದ ಆ ದಿನಗಳಲ್ಲಿ ಕೋಣೆ ಬಾಡಿಗೆ ಎರಡು ಪಟ್ಟಾದರೂ ಆಶ್ಚರ್ಯವಿಲ್ಲ. ಟಿಕೆಟ್ ಕಾಯ್ದಿರಿಸುವ ಮುನ್ನ ಎರಡರ ದಿನಾಂಕವನ್ನೂ ನೋಡಿಕೊಳ್ಳಿ. ದಸರಾ ರಜೆಯಲ್ಲಿ ನೀರು ಇನ್ನೂ 21 ಡಿಗ್ರಿ ಇರುತ್ತದೆ, ಜನ ಕಡಿಮೆ, ಕೋಣೆ ಅಗ್ಗ. ಆದರೆ ಅಕ್ಟೋಬರ್, ನವೆಂಬರ್ ಆ ಕಡೆಯ ಮಳೆಗಾಲ. ದಿನಗಟ್ಟಲೆ ಜಿನುಗುವ ಮಳೆಯಲ್ಲ, ಒಂದೆರಡು ಗಂಟೆಯಲ್ಲಿ ಊರು ಮುಳುಗಿಸುವ ಮಳೆ. 2015ರ ಅಕ್ಟೋಬರ್ 3ರ ರಾತ್ರಿ ಕಾನ್ ಸುತ್ತಮುತ್ತ ಹೀಗೆ ಬಂದ ನೆರೆಯಲ್ಲಿ 20 ಜನ ಸತ್ತರು. ಹವಾಮಾನ ಇಲಾಖೆ ಕಿತ್ತಳೆ ಅಥವಾ ಕೆಂಪು ಎಚ್ಚರಿಕೆ ಕೊಟ್ಟ ದಿನ ನೆಲಮಾಳಿಗೆಯ ಪಾರ್ಕಿಂಗ್‌ಗೆ ಇಳಿಯಬೇಡಿ, ಹಳ್ಳದ ಪಕ್ಕದ ರಸ್ತೆಗೆ ಹೋಗಬೇಡಿ.

ಜುಲೈ, ಆಗಸ್ಟ್ ಬೇಡ ಎನ್ನುವುದು ನಮ್ಮ ಅಭಿಪ್ರಾಯ. ಯುರೋಪಿನ ಅರ್ಧ ಜನ ಅಲ್ಲೇ ಇರುತ್ತಾರೆ.

ವೀಸಾಕ್ಕೆ ಏನೇನು ಬೇಕು? ಎಲ್ಲಿ ಎಡವುತ್ತಾರೆ?

ಬೇಕಾಗಿರುವುದು ಷೆಂಗೆನ್ (ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪು) ಅಲ್ಪಾವಧಿ ವೀಸಾ. ಯಾವುದೇ 180 ದಿನಗಳಲ್ಲಿ ಗರಿಷ್ಠ 90 ದಿನ. ಹೆಚ್ಚು ರಾತ್ರಿ ಯಾವ ದೇಶದಲ್ಲೋ ಆ ದೇಶಕ್ಕೆ ಅರ್ಜಿ; ರಾತ್ರಿಗಳು ಸಮವಾದರೆ ಮೊದಲು ಕಾಲಿಡುವ ದೇಶಕ್ಕೆ. ಫ್ರಾನ್ಸ್ ಆದರೆ ಫ್ರಾನ್ಸ್ ವೀಸಾ ಜಾಲತಾಣದಲ್ಲಿ ಅರ್ಜಿ ತುಂಬಿ, ಬೆಂಗಳೂರಿನ ವಿಎಫ್‌ಎಸ್ ಕೇಂದ್ರದಲ್ಲಿ ಸಮಯ ಪಡೆದು, ಕಾಗದಪತ್ರ ಮತ್ತು ಬೆರಳಚ್ಚು ಕೊಡಬೇಕು. ಬೆರಳಚ್ಚು 59 ತಿಂಗಳು ಚಾಲ್ತಿಯಲ್ಲಿರುತ್ತದೆ. ವಿಎಫ್‌ಎಸ್ ಕಾಗದ ಸಂಗ್ರಹಿಸುವ ಕೌಂಟರ್ ಮಾತ್ರ, ಕೊಡುವುದೋ ಬಿಡುವುದೋ ಕಾನ್ಸುಲೇಟ್‌ನ ತೀರ್ಮಾನ.

ಶುಲ್ಕ 2024ರ ಜೂನ್‌ನಿಂದ ದೊಡ್ಡವರಿಗೆ 90 ಯೂರೊ, 6ರಿಂದ 11 ವರ್ಷದ ಮಕ್ಕಳಿಗೆ 45, ಅದಕ್ಕಿಂತ ಚಿಕ್ಕವರಿಗೆ ಇಲ್ಲ. ಕೇಂದ್ರದ ಸೇವಾ ಶುಲ್ಕ ಪ್ರತ್ಯೇಕ. ಪ್ರಯಾಣಕ್ಕೆ ಆರು ತಿಂಗಳು ಮೊದಲೇ ಅರ್ಜಿ ಹಾಕಬಹುದು, ಕನಿಷ್ಠ 15 ದಿನ ಮೊದಲು ಹಾಕಲೇಬೇಕು. ಬೇಸಿಗೆಯಲ್ಲಿ ಹೋಗುವವರು ಕೌಂಟರಿನ ಸಮಯ ಸಿಗುವುದೇ ಕಷ್ಟ ಎಂದು ತಿಳಿದು ಮೂರು ತಿಂಗಳ ಹಿಂದೆಯೇ ಶುರುಮಾಡಿ. ಪಾಸ್‌ಪೋರ್ಟ್ ಕಳೆದ 10 ವರ್ಷದೊಳಗೆ ಕೊಟ್ಟದ್ದಾಗಿರಬೇಕು, ಅಲ್ಲಿಂದ ಹೊರಡುವ ದಿನದ ನಂತರ ಮೂರು ತಿಂಗಳಾದರೂ ಅವಧಿ ಉಳಿದಿರಬೇಕು, ಎರಡು ಪುಟ ಖಾಲಿ ಇರಬೇಕು. ಪ್ರಯಾಣ ವಿಮೆ ಕನಿಷ್ಠ 30,000 ಯೂರೊ ಮೊತ್ತದ್ದು, ಎಲ್ಲ ಷೆಂಗೆನ್ ದೇಶಗಳಿಗೂ ಅನ್ವಯಿಸುವಂಥದ್ದು.

ಕೈಯಲ್ಲಿ ಹಣವಿದೆ ಎಂದು ತೋರಿಸಲು ಫ್ರಾನ್ಸಿನ ಅಳತೆ ಸ್ಪಷ್ಟವಾಗಿದೆ: ಹೋಟೆಲ್ ಕಾಯ್ದಿರಿಸಿದ್ದರೆ ಒಬ್ಬರಿಗೆ ದಿನಕ್ಕೆ 65 ಯೂರೊ, ಇಲ್ಲದಿದ್ದರೆ 120. ಎಡವುವುದು ಸಾಮಾನ್ಯವಾಗಿ ಇನ್ನೂ ಸಣ್ಣ ವಿಷಯಗಳಲ್ಲಿ. ವಿಮೆ ಒಂದು ದಿನ ಮೊದಲೇ ಮುಗಿಯುವುದು, ಹೋಟೆಲ್ ರಾತ್ರಿಗಳಿಗೂ ವಿಮಾನದ ದಿನಾಂಕಕ್ಕೂ ತಾಳೆಯಾಗದಿರುವುದು, ಅರ್ಜಿಗೆ ವಾರದ ಹಿಂದೆ ಖಾತೆಗೆ ಒಮ್ಮೆಲೇ ದೊಡ್ಡ ಮೊತ್ತ ಬಂದು ಅದಕ್ಕೆ ವಿವರಣೆ ಇಲ್ಲದಿರುವುದು, ಮತ್ತು ಅರ್ಜಿ ಕೊಟ್ಟ ಮರುದಿನವೇ ಹೋಟೆಲ್ ರದ್ದು ಮಾಡುವುದು. ಅವರು ಫೋನ್ ಮಾಡಿ ವಿಚಾರಿಸುವುದುಂಟು.

ಹಿಂದಿನ ಮೂರು ವರ್ಷಗಳಲ್ಲಿ ಎರಡು ಷೆಂಗೆನ್ ವೀಸಾ ಪಡೆದು ಸರಿಯಾಗಿ ಬಳಸಿದ ಭಾರತೀಯರಿಗೆ ಎರಡು ವರ್ಷದ, ಆಮೇಲೆ ಐದು ವರ್ಷದ ಬಹುಪ್ರವೇಶ ವೀಸಾ ಕೊಡುವ ನಿಯಮ 2024ರಿಂದ ಇದೆ. ಹಳೆಯ ವೀಸಾಗಳ ಪ್ರತಿ ಲಗತ್ತಿಸಿ.

ಅದೇ ವೀಸಾದಲ್ಲಿ ಮೊನಾಕೊ, ಇಟಲಿಗೆ ಹೋಗಿಬರಬಹುದೇ?

ಹೌದು. ಮೊನಾಕೊ ಯುರೋಪಿಯನ್ ಒಕ್ಕೂಟದ ಸದಸ್ಯ ಅಲ್ಲ, ಆದರೂ ಗಡಿಯಲ್ಲಿ ತಪಾಸಣೆ ಇಲ್ಲ. ರೈಲಿಳಿದು ನಡೆದರೆ ಆಯಿತು. ಇಟಲಿಯ ವೆಂಟಿಮಿಲಿಯಾದಲ್ಲಿ ಶುಕ್ರವಾರ ದೊಡ್ಡ ಸಂತೆ ನಡೆಯುತ್ತದೆ, ಹೋಗಿಬರಲು ಅಡ್ಡಿಯಿಲ್ಲ. ಆದರೆ ವಾಪಸ್ ಬರುವಾಗ ಗಡಿ ದಾಟಿದ ಮೊದಲ ನಿಲ್ದಾಣ ಮಾಂತೋನ್ ಗರವಾನ್‌ನಲ್ಲಿ ಫ್ರೆಂಚ್ ಪೊಲೀಸರು ರೈಲು ಹತ್ತಿ ದಾಖಲೆ ಕೇಳುತ್ತಾರೆ. ಮೂಲ ಪಾಸ್‌ಪೋರ್ಟ್ ಕೈಯಲ್ಲಿರಬೇಕು. ಜೆರಾಕ್ಸ್, ಮೊಬೈಲಿನ ಫೋಟೊ ನಡೆಯುವುದಿಲ್ಲ.

ಬೆಂಗಳೂರಿನಿಂದ ಹೇಗೆ ಹೋಗುವುದು?

ನೇರ ವಿಮಾನ ಇಲ್ಲ. ದುಬೈ ಮೂಲಕ, ಇಲ್ಲವೇ ಪ್ಯಾರಿಸ್, ಫ್ರಾಂಕ್‌ಫರ್ಟ್‌ನಂಥ ಯುರೋಪಿನ ದೊಡ್ಡ ನಿಲ್ದಾಣಗಳ ಮೂಲಕ ಒಂದು ಬದಲಾವಣೆಯಲ್ಲಿ ತಲುಪಬಹುದು. ಯುರೋಪಿನಲ್ಲಿ ವಿಮಾನ ಬದಲಿಸುವುದಾದರೆ ವಲಸೆ ತಪಾಸಣೆ ಅಲ್ಲೇ ಆಗುತ್ತದೆ, ನೀಸ್‌ನಲ್ಲಿ ಅಲ್ಲ. 2025ರ ಅಕ್ಟೋಬರ್‌ನಲ್ಲಿ ಶುರುವಾದ ಹೊಸ ಗಡಿ ವ್ಯವಸ್ಥೆಯಲ್ಲಿ ಬೆರಳಚ್ಚು ತಾಳೆ ನೋಡಿ, ಮುಖದ ಚಿತ್ರ ತೆಗೆದುಕೊಳ್ಳುವುದರಿಂದ ಸಾಲು ನಿಧಾನ. ನಡುವೆ ಮೂರು ಗಂಟೆಯಾದರೂ ಇರುವ ಟಿಕೆಟ್ ತೆಗೆದುಕೊಳ್ಳಿ. ಲಂಡನ್ ಮೂಲಕದ ಅಗ್ಗದ ಟಿಕೆಟ್ ಕಂಡರೆ ಎಚ್ಚರ: ಬ್ರಿಟನ್ ಷೆಂಗೆನ್‌ಗೆ ಸೇರಿಲ್ಲ, ಅಲ್ಲಿ ವಿಮಾನ ಬದಲಿಸಲು ಭಾರತೀಯರಿಗೆ ಪ್ರತ್ಯೇಕ ಟ್ರಾನ್ಸಿಟ್ ವೀಸಾ ಬೇಕಾಗಬಹುದು.

ದುಬೈ ಮೂಲಕ ಹೋಗುವವರಿಗೆ ಇನ್ನೊಂದು ಮಾತು. ಚೀಲದಲ್ಲಿ ಗಸಗಸೆ ಇರಕೂಡದು. ಅಲ್ಲಿ ಅದು ಮಾದಕವಸ್ತುವಿನ ಪಟ್ಟಿಯಲ್ಲಿದೆ. ಮನೆಯಲ್ಲಿ ಮಾಡಿದ ಮಸಾಲೆ ಪುಡಿಗೆ ಸೇರಿಸಿದ್ದೀರಾ ಎಂದೂ ನೋಡಿಕೊಳ್ಳಿ.

ನೀಸ್ ವಿಮಾನ ನಿಲ್ದಾಣದಿಂದ ಊರಿಗೆ?

ಟ್ರಾಮ್ ಮಾರ್ಗ 2 ಎರಡೂ ಟರ್ಮಿನಲ್‌ಗಳ ಬಾಗಿಲಿಂದಲೇ ಹೊರಡುತ್ತದೆ; ನಗರದ ನಡುವಿನ ಜಾನ್ ಮೆದ್ಸಾಂ ನಿಲ್ದಾಣಕ್ಕೆ ಸುಮಾರು 25 ನಿಮಿಷ, ಕೊನೆಯದು ಬಂದರು. ವಿಮಾನ ನಿಲ್ದಾಣದಿಂದ ಹತ್ತುವವರ ಟಿಕೆಟ್ ಬೇರೆಯೇ ಇದೆ, ನಗರದೊಳಗಿನ ಟಿಕೆಟ್‌ಗಿಂತ ಹಲವು ಪಟ್ಟು ದುಬಾರಿ. ಹತ್ತಿದ ಕೂಡಲೇ ಯಂತ್ರಕ್ಕೆ ತೋರಿಸಬೇಕು. ಟಿಕೆಟ್ ಜೇಬಿನಲ್ಲೇ ಇದ್ದು ಯಂತ್ರಕ್ಕೆ ತೋರಿಸದಿದ್ದರೂ ದಂಡವೇ. ನಾಲ್ಕು ಜನರಿದ್ದರೆ ಟ್ಯಾಕ್ಸಿ ಹೆಚ್ಚು ಕಡಿಮೆ ಅಷ್ಟೇ ಬೀಳುತ್ತದೆ. ನಗರದ ನಡುಭಾಗಕ್ಕೆ ಸರ್ಕಾರ ನಿಗದಿಮಾಡಿದ ಒಂದೇ ದರವಿದೆ, ಹತ್ತುವ ಮೊದಲೇ ಅದನ್ನು ಖಚಿತಪಡಿಸಿಕೊಳ್ಳಿ.

ಉಳಿಯಲು ಯಾವ ಊರು? ದಿನಕ್ಕೊಂದು ಊರು ಬದಲಿಸಬೇಕೇ?

ಬೇಡವೇ ಬೇಡ. ನೀಸ್‌ನಲ್ಲೇ ಒಂದು ಕಡೆ ಚೀಲ ಇಟ್ಟುಬಿಡಿ. ಕಾನ್‌ನಿಂದ ಮಾಂತೋನ್‌ವರೆಗೆ ಎಲ್ಲ ಊರುಗಳೂ ಒಂದೇ ರೈಲು ಹಳಿಯ ಮೇಲಿವೆ, ನೀಸ್ ಹೆಚ್ಚು ಕಡಿಮೆ ನಡುವೆ. ದಿನವೂ ಪೆಟ್ಟಿಗೆ ಕಟ್ಟುವ ಯೋಜನೆ ಹಾಕಿದರೆ ಬೆಳಗಿನ ಒಳ್ಳೆಯ ಸಮುದ್ರ ಕೈತಪ್ಪುತ್ತದೆ: ಹತ್ತಕ್ಕೆ ಕೋಣೆ ಬಿಡಬೇಕು, ಮುಂದಿನ ಕೋಣೆ ಮೂರು ಗಂಟೆಯವರೆಗೆ ಸಿಗದು.

ನೀಸ್‌ನ ಒಳಗೆ, ರೈಲು ನಿಲ್ದಾಣಕ್ಕೂ ಸಮುದ್ರಕ್ಕೂ ನಡುವಿನ ಬೀದಿಗಳು ಅನುಕೂಲ. ಹಳೆಯ ಪಟ್ಟಣ ನೋಡಲು ಚೆಂದ, ಉಳಿಯಲು ಅಷ್ಟಲ್ಲ. ಲಿಫ್ಟ್ ಇರುವುದಿಲ್ಲ, ಮೆಟ್ಟಿಲು ಕಡಿದು, ಕೆಳಗಿನ ಬಾರ್‌ಗಳು ಮಧ್ಯರಾತ್ರಿಯವರೆಗೆ ಗದ್ದಲ. ಬಂದರಿನ ಕಡೆ ಸ್ವಲ್ಪ ಅಗ್ಗ. ಅಲ್ಲಿಂದ ರಿಕ್ಯೆ ಎಂಬ ಚಿಕ್ಕ ರೈಲು ನಿಲ್ದಾಣ ಹತ್ತಿರ. ಕೋಣೆ ಆರಿಸುವಾಗ ಹವಾನಿಯಂತ್ರಣ ಇದೆಯೇ ಎಂದು ನೋಡಲೇಬೇಕು, ಬಹಳ ಹಳೆಯ ಕಟ್ಟಡಗಳಲ್ಲಿ ಇಲ್ಲ. ಜುಲೈ ರಾತ್ರಿಯಲ್ಲಿ ಫ್ಯಾನ್ ಸಹ ಇರದ ಕೋಣೆ ಬೆಂಗಳೂರಿನವರಿಗೆ ಶಿಕ್ಷೆ. ಅಡುಗೆ ಮಾಡಿಕೊಳ್ಳುವವರು ಅಪಾರ್ಟ್‌ಹೋಟೆಲ್ ನೋಡಿ. ಒಲೆ ಬಹುತೇಕ ಇಂಡಕ್ಷನ್. ಊರಿಂದ ಒಯ್ಯುವ ಪುಟ್ಟ ಕುಕ್ಕರಿನ ತಳಕ್ಕೆ ಅಯಸ್ಕಾಂತ ಅಂಟಿದರೆ ಮಾತ್ರ ಅದು ಅಲ್ಲಿ ಕೆಲಸ ಮಾಡುತ್ತದೆ.

ನೀಸ್ ಬೀಚಿನಲ್ಲಿ ಮರಳೇ ಇಲ್ಲವಂತೆ, ನಿಜವೇ?

ನಿಜ. ಪ್ರೊಮನಾದ್ ದೇಜ್ ಆಂಗ್ಲೆ ಎಂಬ ಏಳು ಕಿಲೋಮೀಟರ್ ಕಡಲ ರಸ್ತೆಯ ಕೆಳಗೆ ಉದ್ದಕ್ಕೂ ಬೂದು ಬಣ್ಣದ ನುಣುಪು ಉರುಟು ಕಲ್ಲುಗಳು. ಬರಿಗಾಲಲ್ಲಿ ಹತ್ತು ಹೆಜ್ಜೆ ನಡೆಯುವುದೂ ಕಷ್ಟ. ರಬ್ಬರ್ ಅಡಿಯ ನೀರಿನ ಶೂ ಬೇಕೇ ಬೇಕು. ಬೆಂಗಳೂರಿನಲ್ಲೇ ಕ್ರೀಡಾ ಸಾಮಾನಿನ ಅಂಗಡಿಯಲ್ಲಿ ಕೊಂಡುಹೋಗಿ. ಹವಾಯಿ ಚಪ್ಪಲಿಯನ್ನು ಮೊದಲ ಅಲೆಯೇ ಕಿತ್ತುಕೊಂಡು ಹೋಗುತ್ತದೆ. ಟವೆಲ್ ಕೆಳಗೆ ಹಾಸಲು ತೆಳು ಯೋಗ ಚಾಪೆ ಸಾಕು. ಕಲ್ಲಿನ ಒಂದು ಲಾಭವೂ ಇದೆ: ನೀರು ಕದಡುವುದಿಲ್ಲ, ಆ ಪಚ್ಚೆ–ನೀಲಿ ತಿಳಿ ಬಣ್ಣ ಉಳಿಯುತ್ತದೆ.

ಮರಳೇ ಬೇಕಿದ್ದರೆ ರೈಲು ಹತ್ತಿ. ನೀಸ್‌ನಿಂದ ಪೂರ್ವಕ್ಕೆ ಕೆಲವೇ ನಿಮಿಷದ ವಿಲ್‌ಫ್ರಾಂಶ್‌ನಲ್ಲಿ ರೈಲು ನಿಲ್ದಾಣದ ಕೆಳಗೇ ಮರಿನಿಯೆರ್ ಬೀಚ್ ಇದೆ. ದಪ್ಪ ಮರಳು, ಕೊಲ್ಲಿಯ ಒಳಗಿರುವುದರಿಂದ ಅಲೆ ಕಡಿಮೆ. ಪಶ್ಚಿಮಕ್ಕೆ ಆಂತೀಬ್ ಹಳೆ ಪಟ್ಟಣದ ಗ್ರಾವೆತ್ ಬೀಚ್‌ನಲ್ಲಿ ಮಕ್ಕಳಿಗೆ ಸೊಂಟದವರೆಗೆ ಬಹಳ ದೂರ ನಡೆಯುವಷ್ಟು ಆಳ ಕಡಿಮೆ. ಪಕ್ಕದ ಜುವಾನ್-ಲೆ-ಪ್ಯಾನ್, ಮತ್ತು ಕಾನ್ ಕೂಡ ಮರಳಿನವು. ಚಿಕ್ಕ ಮಕ್ಕಳಿರುವವರಿಗೆ ನಮ್ಮ ಮೊದಲ ಆಯ್ಕೆ ಗ್ರಾವೆತ್. ಆದರೆ ಬೇಸಿಗೆಯಲ್ಲಿ ಬೆಳಗ್ಗೆ ಹತ್ತರೊಳಗೆ ಹೋಗದಿದ್ದರೆ ಚಾಪೆ ಹಾಸಲು ಜಾಗವಿಲ್ಲ.

ಉಬ್ಬರವಿಳಿತ ಇಲ್ಲದ ಶಾಂತ ಸಮುದ್ರವಂತೆ. ಈಜು ಬರದವರೂ ಇಳಿಯಬಹುದೇ?

ಉಬ್ಬರವಿಳಿತ ಒಂದಡಿಯಷ್ಟೂ ಇಲ್ಲ, ಸರಿ. ಹಾಗೆಂದು ಶಾಂತ ಎಂದುಕೊಳ್ಳಬೇಡಿ. ಮಲ್ಪೆಯಲ್ಲೋ ಮುರುಡೇಶ್ವರದಲ್ಲೋ ಸಮುದ್ರ ಮೆಲ್ಲಮೆಲ್ಲನೆ ಆಳವಾಗುತ್ತದೆ. ನೀಸ್‌ನಲ್ಲಿ ಆಲ್ಪ್ಸ್ ಪರ್ವತದ ಪಾದವೇ ನೀರಿಗಿಳಿದಿದೆ. ನಾಲ್ಕೈದು ಹೆಜ್ಜೆಗೆ ಸೊಂಟ, ಇನ್ನೆರಡಕ್ಕೆ ತಲೆ ಮುಳುಗುತ್ತದೆ, ಮತ್ತು ಕಾಲಡಿಯ ಕಲ್ಲು ಜಾರುತ್ತದೆ. ಈಜು ಬಾರದವರು ಅಲ್ಲಿ ಇಳಿಯಬಾರದು. ಅವರಿಗೆ ಆಂತೀಬ್, ವಿಲ್‌ಫ್ರಾಂಶ್ ಇವೆ.

ಪೆಟ್ಟಾಗುವುದು ಹೆಚ್ಚಾಗಿ ಹೊರಗೆ ಬರುವಾಗ. ಇಳಿಜಾರು ಕಡಿದಾಗಿರುವುದರಿಂದ ಸಣ್ಣ ಅಲೆಯೂ ದಡದಲ್ಲೇ ಒಡೆದು, ಕಾಲು ಸೆಳೆದು, ಕಲ್ಲಿನ ರಾಶಿಯ ಜೊತೆ ಉರುಳಿಸುತ್ತದೆ. ಹೊರಬರುವ ಮೊದಲು ನೀರಿನಲ್ಲೇ ನಿಂತು ಐದಾರು ಅಲೆ ನೋಡಿ. ದೊಡ್ಡದೊಂದು ಹೋದ ಮೇಲೆ ಬರುವ ಸಣ್ಣ ಅಲೆಯ ಜೊತೆ ದಡಕ್ಕೆ ಬಂದು, ತಡೆಯದೆ ನಾಲ್ಕು ಹೆಜ್ಜೆ ಮೇಲೆ ಹತ್ತಿ. ಬೇಕಿದ್ದರೆ ಕೈಯೂರಿ ಹತ್ತಿ, ನಾಚಿಕೆ ಬೇಡ. ಸಮುದ್ರಕ್ಕೆ ಬೆನ್ನು ಹಾಕಿ ಫೋಟೊಗೆ ನಿಲ್ಲಬೇಡಿ.

ಬೇಸಿಗೆಯಲ್ಲಿ ಕಾವಲುಗಾರರಿರುವ ಕಡೆ ಬಾವುಟ ಹಾರುತ್ತದೆ. ಹಸಿರು ಸರಿ, ಹಳದಿ ಎಚ್ಚರ, ಕೆಂಪು ನಿಷೇಧ. ನೇರಳೆ ಬಣ್ಣ ನೀರು ಕಲುಷಿತ ಅಥವಾ ಅಪಾಯದ ಜೀವಿಗಳಿವೆ ಎಂಬ ಸೂಚನೆ. ಮೇಲರ್ಧ ಕೆಂಪು, ಕೆಳಗರ್ಧ ಹಳದಿ ಇರುವ ಎರಡು ಬಾವುಟಗಳ ನಡುವಿನದು ಕಾವಲಿರುವ ಜಾಗ, ಅದರೊಳಗೇ ಇರಿ. ತುರ್ತಿಗೆ 112; ಸಮುದ್ರದಲ್ಲಿನ ಅಪಾಯಕ್ಕೆ ಪ್ರತ್ಯೇಕವಾಗಿ 196.

ಹೃದಯದ ತೊಂದರೆ ಇರುವವರು ಬಿಸಿಲಲ್ಲಿ ಕಾದ ಮೈಯಲ್ಲಿ ಧುಮುಕಬಾರದು, ಮೊದಲು ಕೈಕಾಲು, ಕುತ್ತಿಗೆ ನೆನೆಸಿಕೊಳ್ಳಬೇಕು. ಚಂಡೀಗಢವನ್ನು ರೂಪಿಸಿದ ವಾಸ್ತುಶಿಲ್ಪಿ ಲೆ ಕಾರ್ಬ್ಯೂಸಿಯೆ ತೀರಿಕೊಂಡದ್ದು ಇದೇ ತೀರದ ರೋಕ್‌ಬ್ರೂನ್-ಕಾಪ್-ಮಾರ್ತಾಂನಲ್ಲಿ ಈಜುವಾಗ, 1965ರ ಆಗಸ್ಟ್ 27ರಂದು, 77ನೇ ವಯಸ್ಸಿನಲ್ಲಿ. ಅವರ ಪುಟ್ಟ ಮರದ ಗುಡಿಸಲು ಇನ್ನೂ ಅಲ್ಲಿದೆ.

ಜೆಲ್ಲಿ ಫಿಶ್ ಕಚ್ಚಿದರೆ? ಸೀ ಅರ್ಚಿನ್ ತುಳಿದರೆ?

ಇಲ್ಲಿ ಕಾಡುವುದು ನಸುಗೆಂಪು–ನೇರಳೆ ಬಣ್ಣದ ಪೆಲಾಜಿಯಾ ಎಂಬ ಜಾತಿ, ಅಂಗೈಯಷ್ಟು ಅಗಲದ್ದು. ಒಂದು ದಿನ ರಾಶಿಗಟ್ಟಲೆ, ಮರುದಿನ ಒಂದೂ ಇಲ್ಲ. ಗಾಳಿ ಮತ್ತು ಪ್ರವಾಹ ತಳ್ಳಿದ ಕಡೆ ಬರುತ್ತವೆ. ತಾಗಿದರೆ ಉಜ್ಜಬೇಡಿ. ಸಮುದ್ರದ ನೀರಿನಿಂದಲೇ ತೊಳೆಯಿರಿ. ಸಿಹಿನೀರು ಸುರಿದರೆ ಚರ್ಮಕ್ಕೆ ಅಂಟಿದ, ಇನ್ನೂ ಸಿಡಿಯದ ವಿಷದ ಕೋಶಗಳು ಸಿಡಿಯುತ್ತವೆ. ಅಂಟಿಕೊಂಡ ಎಳೆಗಳಿದ್ದರೆ ಗಡ್ಡದ ನೊರೆ ಹಚ್ಚಿ, ಹಳೆಯ ಎಟಿಎಂ ಕಾರ್ಡಿನ ಅಂಚಿನಿಂದ ಮೆಲ್ಲಗೆ ಕೆರೆದು ತೆಗೆದು, ಮತ್ತೆ ಸಮುದ್ರದ ನೀರು. ಆಮೇಲೆ ಬಟ್ಟೆಯಲ್ಲಿ ಸುತ್ತಿದ ಐಸ್. ಮೂತ್ರ ಹಾಕುವುದು ಶುದ್ಧ ಮೂಢನಂಬಿಕೆ. ಉಸಿರಾಟಕ್ಕೆ ತೊಂದರೆಯಾದರೆ, ಮುಖ ಊದಿದರೆ ಕಾವಲುಗಾರರ ಬಳಿ ಓಡಿ.

ಸೀ ಅರ್ಚಿನ್, ಅಂದರೆ ಮೈತುಂಬ ಕಪ್ಪು ಮುಳ್ಳಿನ ಜೀವಿ, ಇರುವುದು ಬಂಡೆಗಳ ಮೇಲೆ. ಶೂ ಹಾಕಿದ್ದರೆ ಸಾಮಾನ್ಯವಾಗಿ ಬಚಾವ್. ಮುಳ್ಳು ಚುಚ್ಚಿದರೆ ಬಿಸಿನೀರಿನಲ್ಲಿ ಕಾಲಿಟ್ಟು ಚರ್ಮ ಮೆತ್ತಗಾದ ಮೇಲೆ ಚಿಮುಟದಿಂದ ನೇರವಾಗಿ ಎಳೆಯಿರಿ. ಅಡ್ಡ ತಿರುಚಿದರೆ ಒಳಗೇ ಮುರಿಯುತ್ತದೆ.

ಸಮುದ್ರಕ್ಕೆ ಚೂಡಿದಾರ, ಪಂಚೆ, ಟೀ ಶರ್ಟ್ ಹಾಕಿಕೊಂಡು ಇಳಿಯಬಹುದೇ?

ಯಾರೂ ಏನೂ ಅನ್ನುವುದಿಲ್ಲ, ಆದರೆ ನೆನೆದ ಹತ್ತಿ ಬಟ್ಟೆ ಭಾರವಾಗಿ ಕಾಲಿಗೆ ಸುತ್ತಿಕೊಳ್ಳುತ್ತದೆ. ಆಳ ದಿಢೀರನೆ ಬರುವ ಕಡೆ ಅದು ಅಪಾಯ. ಮೈ ಮುಚ್ಚಿಕೊಳ್ಳಬೇಕೆಂದರೆ ಉದ್ದ ತೋಳಿನ ಈಜುಡುಪಿನ ಮೇಲಂಗಿ, ಮೊಣಕಾಲು ದಾಟುವ ಈಜು ಪ್ಯಾಂಟು ಒಯ್ಯಿರಿ. ಬಿಸಿಲಿನಿಂದಲೂ ರಕ್ಷಣೆ. ಈಜುಕೊಳದ ನಿಯಮ ಮಾತ್ರ ಬೇರೆ. ಫ್ರಾನ್ಸಿನ ಸಾರ್ವಜನಿಕ ಕೊಳಗಳಲ್ಲಿ, ಕೆಲವು ಹೋಟೆಲ್ ಕೊಳಗಳಲ್ಲೂ ಗಂಡಸರಿಗೆ ಮೈಗಂಟಿದ ಚಿಕ್ಕ ಚಡ್ಡಿ ಕಡ್ಡಾಯ. ಸಡಿಲ ಬರ್ಮುಡಾ ಹಾಕಿ ಬಂದವರನ್ನು ಬಾಗಿಲಲ್ಲೇ ತಡೆಯುತ್ತಾರೆ.

ಬೀಚಿನಲ್ಲಿ ಹೆಂಗಸರು ಎದೆ ಮುಚ್ಚದೆ ಮಲಗಿರುವುದು ಅಲ್ಲಿ ಮಾಮೂಲು. ಆ ದಿಕ್ಕಿಗೆ ಕ್ಯಾಮೆರಾ ಹಿಡಿಯಬೇಡಿ. ಅದೇ ಊರಲ್ಲಿ ಬೀಚು ಬಿಟ್ಟು ಬೀದಿಗೆ ಬರಿಮೈಯಲ್ಲಿ ಬಂದರೆ ದಂಡ ಹಾಕುತ್ತಾರೆ. 2025ರಿಂದ ಬೀಚುಗಳಲ್ಲಿ ಸಿಗರೇಟು ಸೇದುವುದೂ ನಿಷಿದ್ಧ.

ಬೀಚಿಗೆ ಹಣ ಕೊಡಬೇಕೇ?

ಇಲ್ಲ. ಸಾಲಾಗಿ ಕುರ್ಚಿ, ಛತ್ರಿ ಹಾಕಿರುವ ಕಡೆ ಮಾತ್ರ ಬಾಡಿಗೆ. ಒಬ್ಬರಿಗೆ ದಿನಕ್ಕೆ 25–40 ಯೂರೊ, ಹೆಸರಾಂತ ಕಡೆ ಇನ್ನೂ ಹೆಚ್ಚು. ಅವುಗಳ ನಡುನಡುವೆ ಸಾರ್ವಜನಿಕ ಭಾಗಗಳಿವೆ, ಅಲ್ಲಿ ಸ್ನಾನದ ನಲ್ಲಿಯೂ ಉಚಿತ. ನೀರಿನಂಚಿನಲ್ಲಿ ನಡೆದು ಹೋಗುವುದನ್ನು ಯಾರೂ ತಡೆಯುವಂತಿಲ್ಲ.

ಓಡಾಟಕ್ಕೆ ರೈಲೋ, ಬಸ್ಸೋ, ಕಾರೋ?

ರೈಲು. ನೀಸ್-ವಿಲ್ ನಿಲ್ದಾಣದಿಂದ ಮೊನಾಕೊಗೆ ಇಪ್ಪತ್ತು–ಇಪ್ಪತ್ತೈದು ನಿಮಿಷ, ಮಾಂತೋನ್‌ಗೆ ಮುಕ್ಕಾಲು ಗಂಟೆಯೊಳಗೆ, ಕಾನ್‌ಗೆ ಅರ್ಧದಿಂದ ಮುಕ್ಕಾಲು ಗಂಟೆ. ಮೊನಾಕೊ ಟಿಕೆಟ್ ಐದಾರು ಯೂರೊ ಆಸುಪಾಸು, ಕಾನ್‌ಗೆ ಇನ್ನೂ ಸ್ವಲ್ಪ ಹೆಚ್ಚು. ಸೀಟು ಕಾಯ್ದಿರಿಸುವುದಿಲ್ಲ, ಹಾಗಾಗಿ ವಾರಗಟ್ಟಲೆ ಮೊದಲೇ ಕೊಳ್ಳುವ ಅಗತ್ಯವೂ ಇಲ್ಲ. ಕಾಗದದ ಟಿಕೆಟ್ ಆದರೆ ಹತ್ತುವ ಮುನ್ನ ಯಂತ್ರದಲ್ಲಿ ಮುದ್ರೆ ಹಾಕಿಸಬೇಕೇ ಎಂದು ಕೇಳಿಕೊಳ್ಳಿ. ಮೊನಾಕೊ ಕಡೆ ಹೋಗುವಾಗ ಬಲಗಡೆ ಕೂತರೆ ಸಮುದ್ರ, ಕಾನ್ ಕಡೆಗೆ ಎಡಗಡೆ. ಮುಷ್ಕರ ಅಲ್ಲಿ ಅಪರೂಪವಲ್ಲ. ಮುಷ್ಕರವಿದ್ದರೆ ಯಾವ ರೈಲು ಓಡುತ್ತದೆ ಎಂಬುದು ಹಿಂದಿನ ದಿನ ಸಂಜೆ ಐದಕ್ಕೆ ರೈಲ್ವೆ ಆ್ಯಪ್‌ನಲ್ಲಿ ಗೊತ್ತಾಗುತ್ತದೆ. ವಾಪಸ್ ವಿಮಾನದ ದಿನ ದೂರದ ಊರಿಗೆ ಹೋಗಬೇಡಿ.

ಬಸ್ಸು ಅಗ್ಗ, ದಾರಿಯೂ ಸೊಗಸು. 607 ನಂಬರಿನದು ನೀಸ್‌ನಿಂದ ಮಾಂತೋನ್‌ಗೆ ಕಡಲಂಚಿನ ರಸ್ತೆಯಲ್ಲಿ ಹೋಗುತ್ತದೆ, ಬೇಸಿಗೆಯಲ್ಲಿ ಮಾತ್ರ ನಿಲ್ಲಲೂ ಜಾಗವಿರುವುದಿಲ್ಲ.

ಇಲ್ಲೊಂದು ಹಳೆಯ ಗೊಂದಲವಿದೆ. ಬೆಟ್ಟದ ತುದಿಯ ಎಜ್ ಹಳ್ಳಿ ನೋಡಲು ಹೋದವರು ಎಜ್-ಸುರ್-ಮೇರ್ ರೈಲು ನಿಲ್ದಾಣದಲ್ಲಿ ಇಳಿದು ಕಂಗಾಲಾಗುತ್ತಾರೆ. ನಿಲ್ದಾಣ ಸಮುದ್ರ ಮಟ್ಟದಲ್ಲಿ, ಹಳ್ಳಿ 429 ಮೀಟರ್ ಮೇಲೆ. ನಡುವಿನ ಕಾಲುದಾರಿಗೆ ತತ್ತ್ವಜ್ಞಾನಿ ನೀಚೆಯ ಹೆಸರಿಟ್ಟಿದ್ದಾರೆ. ಹತ್ತಲು ಒಂದರಿಂದ ಒಂದೂವರೆ ಗಂಟೆ, ನೆರಳೂ ನೀರೂ ಇಲ್ಲ. ನೀಸ್‌ನಿಂದ 82 ನಂಬರ್ ಬಸ್ಸಿನಲ್ಲಿ ನೇರ ಹಳ್ಳಿಗೇ ಹೋಗಿ, ಆ ದಾರಿಯಲ್ಲಿ ಕೆಳಗಿಳಿದು, ರೈಲು ಹಿಡಿದು ವಾಪಸಾಗುವುದು ಜಾಣತನ.

ಕಾರು? ತೀರದ ಊರುಗಳಿಗಷ್ಟೇ ಆದರೆ ಬೇಡ. ಪಾರ್ಕಿಂಗ್ ಹುಡುಕುವುದರಲ್ಲೇ ದಿನ ಹೋಗುತ್ತದೆ. ವೆರ್ದೋನ್ ಕಮರಿಯಂಥ ಒಳನಾಡಿಗೆ ಹೋಗುವುದಿದ್ದರೆ ಒಂದು ದಿನಕ್ಕೆ ಬಾಡಿಗೆಗೆ ಪಡೆಯಿರಿ. ಊರಿನ ಆರ್‌ಟಿಒದಿಂದ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಮಾಡಿಸಿಕೊಂಡಿರಿ. ವಾಹನ ರಸ್ತೆಯ ಬಲಗಡೆ ಎಂಬುದು ಮೊದಲ ವೃತ್ತದಲ್ಲೇ ಮರೆತುಹೋಗುತ್ತದೆ.

ಸಸ್ಯಾಹಾರಿಗಳಿಗೆ ಏನು ಸಿಗುತ್ತದೆ?

ಅಂದುಕೊಂಡದ್ದಕ್ಕಿಂತ ಹೆಚ್ಚು, ಆದರೆ ಕೇಳಿ ತಿನ್ನಬೇಕು. ಮೊದಲು ತಿನ್ನಬೇಕಾದದ್ದು ಸೊಕ್ಕಾ. ಕಡಲೆ ಹಿಟ್ಟು, ನೀರು, ಆಲಿವ್ ಎಣ್ಣೆ, ಉಪ್ಪು ಇಷ್ಟೇ. ಮೊಟ್ಟೆಯೂ ಇಲ್ಲ, ಹಾಲೂ ಇಲ್ಲ. ಅಗಲವಾದ ತಾಮ್ರದ ತಟ್ಟೆಯಲ್ಲಿ ತೆಳ್ಳಗೆ ಹುಯ್ದು, ಸೌದೆ ಒಲೆಯ ಗೂಡಿನಲ್ಲಿ ಮೇಲ್ಭಾಗ ಅಲ್ಲಲ್ಲಿ ಕರಿಯಾಗುವವರೆಗೆ ಬೇಯಿಸಿ, ಕೆರೆದು ತೆಗೆದು ಕಾಳುಮೆಣಸಿನ ಪುಡಿ ಉದುರಿಸಿ ಕೊಡುತ್ತಾರೆ. ಬಿಸಿಯಲ್ಲೇ ತಿನ್ನಬೇಕು, ಆರಿದರೆ ತೊಗಲು. ಮನೆಯಲ್ಲಿ ಮಾಡುವುದಾದರೆ 250 ಗ್ರಾಂ ಹಿಟ್ಟಿಗೆ ಅರ್ಧ ಲೀಟರ್ ನೀರು, ಎರಡು–ಮೂರು ಚಮಚ ಆಲಿವ್ ಎಣ್ಣೆ, ಒಂದೆರಡು ಗಂಟೆ ನೆನೆಯಲು ಬಿಟ್ಟು, ಓವನ್ ಎಷ್ಟು ಕಾಯುತ್ತದೋ ಅಷ್ಟೂ ಕಾಯಿಸಿ. ಅದೇ ಹಿಟ್ಟನ್ನು ಮುದ್ದೆಯಂತೆ ಕಾಯಿಸಿ, ಆರಿಸಿ, ಕತ್ತರಿಸಿ ಕರಿದರೆ ಪನಿಸ್.

ಮೋಸಹೋಗುವ ತಿನಿಸುಗಳು: ನೀಸ್ ಸಲಾಡ್‌ನಲ್ಲಿ ಆಂಚೊವಿ ಅಥವಾ ಟ್ಯೂನಾ ಮೀನು ಇರುತ್ತದೆ. ಪಾನ್ ಬನ್ಯಾ ಎಂಬ ದುಂಡು ಬ್ರೆಡ್ಡಿನ ಒಳಗೂ ಅದೇ ಸಲಾಡ್. ಈರುಳ್ಳಿ ಹರಡಿದ ಪಿಸ್ಸಾಲದಿಯೆರ್ ನೋಡಲು ಮುಗ್ಧ, ಮೇಲೆ ಆಂಚೊವಿ. ಹೂರಣ ತುಂಬಿದ ತರಕಾರಿಯ ಒಳಗಿರುವುದು ಮಾಂಸ. ತಾಜಾ ಪಾಸ್ತಾದಲ್ಲಿ ಮೊಟ್ಟೆ ಇರುತ್ತದೆ. ಪಾರ್ಮೆಸಾನ್ ಚೀಸ್ ಗಟ್ಟಿಯಾಗುವುದು ಕರುವಿನ ಹೊಟ್ಟೆಯ ರೆನೆಟ್ ಎಂಬ ಕಿಣ್ವದಿಂದ. ಧೈರ್ಯವಾಗಿ ತಿನ್ನಬಹುದಾದವು ರಾತಾತುಯಿ ಎಂಬ ತರಕಾರಿ ಪಲ್ಯ ಮತ್ತು ಚೀಸ್ ಹಾಕದ ಟೊಮೆಟೊ ಪಿಜ್ಜಾ. ಕುಂಬಳದ ಜಾತಿಯ ಹೂವಿನ ಬಜ್ಜಿ ಕಂಡರೆ ಬಿಡಬೇಡಿ, ಹಿಟ್ಟಿಗೆ ಮೊಟ್ಟೆ ಹಾಕಿದ್ದಾರೆಯೇ ಎಂದು ಮಾತ್ರ ಕೇಳಿ. ಸಸ್ಯಾಹಾರಿ ಎಂದಷ್ಟೇ ಹೇಳಿದರೆ ಮೀನು ನಡೆಯುತ್ತದೆ ಎಂದುಕೊಳ್ಳುವವರಿದ್ದಾರೆ. "ಸಾಂ ವ್ಯಾಂದ್, ಸಾಂ ಪ್ವಾಸೋಂ" ಎನ್ನಿ: ಮಾಂಸ ಬೇಡ, ಮೀನು ಬೇಡ. ಅದಕ್ಕೂ ಮೊದಲು "ಬೋಂಜೂರ್". ಅದಿಲ್ಲದೆ ನೇರ ಪ್ರಶ್ನೆ ಕೇಳಿದವರಿಗೆ ಅಂಗಡಿಯವರ ಮುಖ ಅರಳುವುದಿಲ್ಲ.

ಊಟದ ವೇಳೆ ಕಟ್ಟುನಿಟ್ಟು. ಮಧ್ಯಾಹ್ನ 12ರಿಂದ 2, ರಾತ್ರಿ 7ರ ನಂತರ. ನಡುವೆ ಅಡುಗೆಮನೆ ಮುಚ್ಚಿರುತ್ತದೆ. ನಾಲ್ಕು ಗಂಟೆಗೆ ಹಸಿದ ಮಕ್ಕಳೊಂದಿಗೆ ಸುತ್ತುವ ಬದಲು ಬೆಳಗ್ಗೆಯೇ ನೀಸ್‌ನ ಕೂರ್ ಸಲೆಯಾ ಮಾರುಕಟ್ಟೆಯಲ್ಲಿ ಹಣ್ಣು, ಬೇಕರಿಯಲ್ಲಿ ಬ್ರೆಡ್ಡು ಕೊಂಡಿಟ್ಟುಕೊಳ್ಳಿ. ಸೋಮವಾರ ಅಲ್ಲಿ ತರಕಾರಿ ಇರುವುದಿಲ್ಲ, ಹಳೆಯ ಸಾಮಾನಿನ ಸಂತೆ. ನಲ್ಲಿ ನೀರು ಕುಡಿಯಲು ಯೋಗ್ಯ. ಹೋಟೆಲಿನಲ್ಲಿ "ಕರಾಫ್ ದೊ" ಎಂದು ಕೇಳಿದರೆ ಹೂಜಿ ನೀರು ಉಚಿತ, ಬರೀ ನೀರು ಎಂದರೆ ಐದು ಯೂರೊ ಬಾಟಲಿ ಬರಬಹುದು.

ಊರಿಂದ ತಿಂಡಿ, ಅಡುಗೆ ಸಾಮಾನು ಒಯ್ಯಬಹುದೇ?

ಹಾಲಿನ ಮತ್ತು ಮಾಂಸದ ಪದಾರ್ಥಗಳಿಗೆ ನಿಷೇಧ: ತುಪ್ಪ, ಪನೀರ್, ಮೊಸರು ಬೇಡ. ತಾಜಾ ಹಣ್ಣು, ತರಕಾರಿ, ಕರಿಬೇವು, ಕೊತ್ತಂಬರಿ ಕೂಡ ಸಸ್ಯ ಆರೋಗ್ಯ ಪ್ರಮಾಣಪತ್ರವಿಲ್ಲದೆ ಸಾಗವು. ಆ ಪತ್ರವಿಲ್ಲದೆ ಒಯ್ಯಬಹುದಾದ ಹಣ್ಣುಗಳು ಐದೇ: ಬಾಳೆಹಣ್ಣು, ತೆಂಗಿನಕಾಯಿ, ಅನಾನಸ್, ಖರ್ಜೂರ, ಡ್ಯೂರಿಯನ್. ಅಕ್ಕಿ, ಬೇಳೆ ಅಲ್ಲೂ ಸಿಗುತ್ತವೆ. ಸಾರಿನ ಪುಡಿ, ಚಟ್ನಿಪುಡಿ, ಪುಳಿಯೋಗರೆ ಗೊಜ್ಜು, ಅವಲಕ್ಕಿ ಒಯ್ದರೆ ಜಾಗ ಸಾರ್ಥಕ. ಗೊಜ್ಜು, ಉಪ್ಪಿನಕಾಯಿ ಕೈಚೀಲದಲ್ಲಿ ಬೇಡ, ಅವು ದ್ರವದ ಲೆಕ್ಕ.

ಇಬ್ಬರಿಗೆ ದಿನಕ್ಕೆ ಎಷ್ಟು ಖರ್ಚು? ಯುಪಿಐ ನಡೆಯುತ್ತದೆಯೇ?

ಸೆಪ್ಟೆಂಬರ್‌ನಲ್ಲಿ ಸಾಧಾರಣ ಒಳ್ಳೆಯ ಕೋಣೆ 110–160 ಯೂರೊ, ಒಂದು ಹೊತ್ತು ಹೊರಗೆ ಉಂಡು ಒಂದು ಹೊತ್ತು ಅಡುಗೆ ಮಾಡಿಕೊಂಡರೆ 50–60, ಓಡಾಟ 15–25. ರಾತ್ರಿಗೆ ತಲಾ ಪ್ರವಾಸಿ ತೆರಿಗೆ ಬೇರೆ, ಅದು ಬಾಡಿಗೆಯಲ್ಲಿ ಸೇರಿರುವುದಿಲ್ಲ. ಯುಪಿಐ ನೆಚ್ಚಬೇಡಿ, ಫೊರೆಕ್ಸ್ ಕಾರ್ಡ್ ಬಹುತೇಕ ಎಲ್ಲೆಡೆ ನಡೆಯುತ್ತದೆ. ಯಂತ್ರ "ರೂಪಾಯಿಯೋ ಯೂರೊವೋ" ಎಂದು ಕೇಳಿದರೆ ಯಾವಾಗಲೂ ಯೂರೊ ಒತ್ತಿ, ರೂಪಾಯಿ ಒತ್ತಿದರೆ ಅವರ ಮನಬಂದ ದರ ಬೀಳುತ್ತದೆ. ಸಂತೆಗೆ, ಸೊಕ್ಕಾಕ್ಕೆ ಐವತ್ತು ಯೂರೊ ಚಿಲ್ಲರೆ ಇರಲಿ. ಬಿಲ್ಲಿನಲ್ಲೇ ಸೇವಾ ಶುಲ್ಕ ಸೇರಿರುತ್ತದೆ, ಟಿಪ್ಸ್ ಕಡ್ಡಾಯವಲ್ಲ.

ಕಳ್ಳರ ಕಾಟ?

ಜೇಬುಗಳ್ಳರಿದ್ದಾರೆ. ಕಿಕ್ಕಿರಿದ ಮೊನಾಕೊ ರೈಲು, ಟ್ರಾಮ್ ಹತ್ತುವ ನೂಕುನುಗ್ಗಲು, ಮತ್ತು ಎಲ್ಲರೂ ನೀರಿಗಿಳಿದ ಮೇಲೆ ದಡದಲ್ಲಿ ಒಂಟಿಯಾದ ಚೀಲ ಅವರ ಜಾಗಗಳು. ಸರದಿಯಲ್ಲಿ ಈಜಿ, ಒಬ್ಬರು ಕಾಯಿರಿ. ಬೀಚಿಗೆ ಹೋಗುವ ದಿನ ಗಡಿ ದಾಟುವ ಯೋಚನೆ ಇಲ್ಲದಿದ್ದರೆ ಪಾಸ್‌ಪೋರ್ಟ್ ಕೋಣೆಯ ಲಾಕರ್‌ನಲ್ಲಿರಲಿ. ಪಾಸ್‌ಪೋರ್ಟ್ ಕಳೆದರೆ ಮೊದಲು ಪೊಲೀಸ್ ದೂರಿನ ಪ್ರತಿ, ಆಮೇಲೆ ಭಾರತೀಯ ರಾಯಭಾರ ಕಚೇರಿ.

ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗಬಹುದೇ?

ಧಾರಾಳವಾಗಿ. ಪ್ರೊಮನಾದ್ ಪೂರ್ತಿ ಸಮತಟ್ಟು, ಉದ್ದಕ್ಕೂ ಕೂರಲು ನೀಲಿ ಕುರ್ಚಿಗಳು. 92 ಮೀಟರ್ ಎತ್ತರದ ಕೋಟೆ ಗುಡ್ಡಕ್ಕೆ ಹಳೆ ಪಟ್ಟಣದ ಸಮುದ್ರದ ತುದಿಯಿಂದ ಉಚಿತ ಲಿಫ್ಟ್ ಇದೆ. ಎಷ್ಟೋ ಜನ ಅದನ್ನು ನೋಡದೆ ಮೆಟ್ಟಿಲು ಹತ್ತುತ್ತಾರೆ. ಎಜ್ ಹಳ್ಳಿ ಅವರಿಗೆ ಬೇಡ, ಒಳಗೆಲ್ಲ ಕಲ್ಲು ಮೆಟ್ಟಿಲು. ಬದಲಿಗೆ ಮಾಂತೋನ್ ಒಳ್ಳೆಯದು, ನಿಂಬೆ ತೋಟಗಳ ಊರು, ಫೆಬ್ರವರಿಯಲ್ಲಿ ನಿಂಬೆ ಉತ್ಸವ. ಬಿಸಿಲಿನಲ್ಲಿ ಗೊತ್ತಾಗದೆಯೇ ಮೈ ನೀರು ಕಳೆದುಕೊಳ್ಳುತ್ತದೆ. ದಾಹವಾಗದಿದ್ದರೂ ನೀರು ಕುಡಿಸುತ್ತಿರಿ, 12ರಿಂದ 4ರವರೆಗೆ ಕೋಣೆಯಲ್ಲಿ ಮಲಗಲಿ. ಜೂನ್ ಕೊನೆಯಲ್ಲಿ ಸೂರ್ಯ ಮುಳುಗುವುದು ರಾತ್ರಿ ಒಂಬತ್ತೂಕಾಲಿಗೆ, ಸಂಜೆ ಬೇಕಾದಷ್ಟಿದೆ. ಮಾತ್ರೆಗಳ ಜೊತೆ ಔಷಧದ ರಾಸಾಯನಿಕ ಹೆಸರಿರುವ ವೈದ್ಯರ ಚೀಟಿ ಇರಲಿ. ಹಸಿರು ಶಿಲುಬೆಯ ಗುರುತಿನ ಔಷಧ ಅಂಗಡಿಯವರಿಗೆ ನಮ್ಮ ಬ್ರಾಂಡ್ ಹೆಸರು ಗೊತ್ತಿರುವುದಿಲ್ಲ.

ಪ್ಲಗ್, ಸಮಯ, ಫೋನ್?

ವೋಲ್ಟೇಜ್ ನಮ್ಮದೇ, 230. ಮೊಬೈಲ್ ಚಾರ್ಜರಿನ ತೆಳ್ಳನೆ ಎರಡು ಪಿನ್ ಹೋಗುತ್ತದೆ, ಮೂರು ಪಿನ್‌ಗೆ ಅಡಾಪ್ಟರ್ ಬೇಕು. ಬೇಸಿಗೆಯಲ್ಲಿ ನಮಗಿಂತ ಮೂರೂವರೆ ಗಂಟೆ ಹಿಂದೆ, ಚಳಿಗಾಲದಲ್ಲಿ ನಾಲ್ಕೂವರೆ. ಯುರೋಪಿನ ಇ-ಸಿಮ್ ಕೊಳ್ಳುವಾಗ ಪಟ್ಟಿಯಲ್ಲಿ ಮೊನಾಕೊ ಇದೆಯೇ ನೋಡಿ. ಅದು ಒಕ್ಕೂಟದ ರೋಮಿಂಗ್ ನಿಯಮದ ಹೊರಗಿದೆ, ರೈಲು ಅಲ್ಲಿ ನಿಂತ ಎರಡು ನಿಮಿಷದಲ್ಲೇ ಫೋನು ಅಲ್ಲಿನ ಜಾಲಕ್ಕೆ ಹಾರಿ ಬೇರೆ ದರ ಬೀಳಬಹುದು. ವಿಲ್‌ಫ್ರಾಂಶ್ ದಾಟಿದ ಮೇಲೆ ಡೇಟಾ ರೋಮಿಂಗ್ ಆಫ್ ಮಾಡಿ, ಮೊನಾಕೊ ಕಳೆದ ಮೇಲೆ ಹಾಕಿಕೊಳ್ಳಿ.